ಆಬೆ ಲೆನ್‌ಸ್ಟ್ರಾ

ಆಬೆ ಲೆನ್‌ಸ್ಟ್ರಾ (ನವೆಂಬರ್ 27, 1920 – ಸೆಪ್ಟೆಂಬರ್ 2, 1985) ನೆದರ್ಲೆಂಡ್ಸ್ ದೇಶದ ಹೆಸರಾಂತ ಫುಟ್‌ಬಾಲ್ ಆಟಗಾರರು. ದೇಶದ ಉತ್ತರ ಭಾಗದಲ್ಲಿರುವ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಹೇರೆನ್‌ವೇನ್ ಪಟ್ಟಣ ಇವರ ಹುಟ್ಟೂರು. ಅಲ್ಲಿನ ವೃತ್ತಿಪರ ಕ್ಲಬ್ ಆದ ಎಸ್.ಸಿ. ಹೇರೆನ್‌ವೇನ್‌ನ ತವರು ಕ್ರೀಡಾಂಗಣಕ್ಕೆ ಇವರ ಹೆಸರನ್ನೇ ಇಡಲಾಗಿದೆ. ತಮ್ಮ ಊರಿನ ತಂಡಕ್ಕಾಗಿ ಆಡಿದ ವರ್ಷಗಳನ್ನೆಲ್ಲ ಹವ್ಯಾಸಿ ಆಟಗಾರರಾಗಿಯೇ ಕಳೆದವರ ಹೆಸರು ವೃತ್ತಿಪರ ತಂಡದ ಅಂಗಳಕ್ಕೆ ಸಂದಿರುವುದು ಗಮನಾರ್ಹ ಸಂಗತಿ.

ಬಾಲ್ಯ ಮತ್ತು ಊರಿನ ತಂಡ

ಲೆನ್‌ಸ್ಟ್ರಾ ಹುಟ್ಟಿದ ವರ್ಷವೇ, ಅಂದರೆ 1920ರ ಜುಲೈ ತಿಂಗಳಲ್ಲಿ, ಹೇರೆನ್‌ವೇನ್‌ನ ಫುಟ್‌ಬಾಲ್ ಕ್ಲಬ್ ಬೇರೊಂದು ಹೆಸರಿನಲ್ಲಿ ಆರಂಭವಾಯಿತು. 1936ರಲ್ಲಿ, ಇನ್ನೂ ಹದಿನೈದರ ಹುಡುಗನಾಗಿದ್ದಾಗಲೇ, ಅವರು ಅದರ ಮುಖ್ಯ ತಂಡವನ್ನು ಸೇರಿದರು. ಮುಂದೆ 1954ರವರೆಗೆ, ಹದಿನೆಂಟು ವರ್ಷ, ಆ ತಂಡವನ್ನು ಬಿಡಲಿಲ್ಲ. ಆ ಕಾಲದಲ್ಲಿ ಡಚ್ ಫುಟ್‌ಬಾಲ್ ಸಂಸ್ಥೆಯು ಆಟಕ್ಕೆ ಸಂಬಳ ಪಡೆಯುವುದನ್ನು ನಿಷೇಧಿಸಿತ್ತು. ಆದ್ದರಿಂದ ಲೆನ್‌ಸ್ಟ್ರಾ ಜೀವನೋಪಾಯಕ್ಕಾಗಿ ಊರಿನ ಪೌರಾಡಳಿತದ ಕಚೇರಿಯಲ್ಲಿ ನೌಕರಿ ಮಾಡುತ್ತಿದ್ದರು.

ಅವರ ಆಟದ ಬಲದಿಂದ ಹೇರೆನ್‌ವೇನ್ 1940ರ ದಶಕದಲ್ಲಿ ಉತ್ತರ ವಿಭಾಗದ ಪ್ರಬಲ ತಂಡವಾಗಿ ಬೆಳೆದು, ಮತ್ತೆ ಮತ್ತೆ ವಿಭಾಗದ ಪ್ರಶಸ್ತಿಯನ್ನು ಗೆದ್ದಿತು. 1950ರ ಮೇ 7ರಂದು ಆಮ್‌ಸ್ಟರ್‌ಡ್ಯಾಮಿನ ಅಯಾಕ್ಸ್ ತಂಡದೆದುರು ನಡೆದ ಪಂದ್ಯ ಇವುಗಳಲ್ಲೆಲ್ಲ ಪ್ರಸಿದ್ಧವಾದುದು. ಒಂದು ಹಂತದಲ್ಲಿ 1–5ರಿಂದ ಹಿಂದಿದ್ದ ಹೇರೆನ್‌ವೇನ್ ಕೊನೆಗೆ 6–5ರಿಂದ ಗೆದ್ದಿತು. ಫ್ರೀಸ್‌ಲ್ಯಾಂಡಿನ ಜನರಿಗೆ ಡಚ್ ಅಲ್ಲದೆ ಫ್ರೀಸಿಯನ್ ಎಂಬ ತಮ್ಮದೇ ಭಾಷೆಯಿದೆ. ಆ ಭಾಷೆಯಲ್ಲಿ ಅವರು ಲೆನ್‌ಸ್ಟ್ರಾ ಅವರನ್ನು ನಮ್ಮ ಆಬೆ ಎಂದೇ ಕರೆಯುತ್ತಿದ್ದರು.

ರಾಷ್ಟ್ರೀಯ ತಂಡದಲ್ಲಿ

1940ರಲ್ಲಿ ಲೆನ್‌ಸ್ಟ್ರಾ ಮೊದಲ ಬಾರಿಗೆ ರಾಷ್ಟ್ರೀಯ ತಂಡಕ್ಕಾಗಿ ಆಡಿದರು. ಅದೇ ವರ್ಷದ ಮೇ ತಿಂಗಳಲ್ಲಿ ಜರ್ಮನಿಯು ನೆದರ್ಲೆಂಡ್ಸನ್ನು ಆಕ್ರಮಿಸಿತು. 1946ರವರೆಗೆ ದೇಶದ ತಂಡಕ್ಕೆ ಅಂತಾರಾಷ್ಟ್ರೀಯ ಪಂದ್ಯಗಳೇ ಇರಲಿಲ್ಲ. ಹೀಗೆ ಹತ್ತೊಂಬತ್ತರಿಂದ ಇಪ್ಪತ್ತೈದರವರೆಗಿನ ಅವರ ವಯಸ್ಸು ಈ ಮಟ್ಟಿಗೆ ಯುದ್ಧದ ಪಾಲಾಯಿತು. ಆದರೂ 1959ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರು 47 ಪಂದ್ಯಗಳಲ್ಲಿ 33 ಗೋಲುಗಳನ್ನು ಗಳಿಸಿದ್ದರು.

1948ರ ಲಂಡನ್ ಒಲಿಂಪಿಕ್ಸ್‌ನ ಡಚ್ ತಂಡದಲ್ಲಿ ಅವರಿದ್ದರು. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಮೊದಲ ಬಾರಿಗೆ ಒಲಿಂಪಿಕ್ಸ್‌ನಲ್ಲಿ ಆಡಿದ್ದೂ ಅಲ್ಲಿಯೇ. ಬಹುಪಾಲು ಬರಿಗಾಲಿನಲ್ಲಿ ಆಡಿದ ಆ ತಂಡ ಫ್ರಾನ್ಸ್ ಎದುರು 1–2ರಿಂದ ಸೋತಿತು. ಭಾರತದ ಏಕೈಕ ಗೋಲನ್ನು ಗಳಿಸಿದವರು ಎಸ್. ರಾಮನ್.

1956ರ ಮಾರ್ಚ್ 14ರಂದು ಡ್ಯುಸೆಲ್‌ಡಾರ್ಫ್ ನಗರದಲ್ಲಿ ನೆದರ್ಲೆಂಡ್ಸ್ ತಂಡವು ಆಗಿನ ವಿಶ್ವ ಚಾಂಪಿಯನ್ ಪಶ್ಚಿಮ ಜರ್ಮನಿಯನ್ನು 2–1ರಿಂದ ಸೋಲಿಸಿತು. ಎರಡೂ ಗೋಲುಗಳು ಲೆನ್‌ಸ್ಟ್ರಾ ಅವರವು. ಆಗ ಅವರಿಗೆ ಮೂವತ್ತೈದು ವರ್ಷ.

ಹವ್ಯಾಸದಿಂದ ವೃತ್ತಿಗೆ

ಯುದ್ಧಾನಂತರ ಫಾಸ್ ವಿಲ್ಕೆಸ್ ಮೊದಲಾದ ಡಚ್ ಆಟಗಾರರು ಹೊರದೇಶದ ಕ್ಲಬ್‌ಗಳಿಗೆ ಹೋಗಿ ಹಣಕ್ಕಾಗಿ ಆಡತೊಡಗಿದರು. ಅಂಥವರಿಗೆ ರಾಷ್ಟ್ರೀಯ ತಂಡದ ಬಾಗಿಲು ಮುಚ್ಚುತ್ತಿತ್ತು. ಲೆನ್‌ಸ್ಟ್ರಾ ಅವರಿಗೂ ವಿದೇಶದಿಂದ ಕರೆ ಬಂದಿತ್ತು. ಆದರೆ ಅವರು ಊರಿನಲ್ಲಿಯೇ ಉಳಿದರು. 1953ರ ಫೆಬ್ರವರಿಯ ಭೀಕರ ಕಡಲ ಪ್ರವಾಹದ ಸಂತ್ರಸ್ತರ ನೆರವಿಗಾಗಿ, ಹೊರದೇಶಗಳಲ್ಲಿದ್ದ ಡಚ್ ಆಟಗಾರರು ಮಾರ್ಚ್ 12ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿ 2–1ರಿಂದ ಗೆದ್ದರು. ಇದರಿಂದ ವೃತ್ತಿಪರ ಆಟದ ಪರವಾದ ಜನಾಭಿಪ್ರಾಯ ಬಲಗೊಂಡು, 1954ರಲ್ಲಿ ನಿಷೇಧ ತೆರವಾಯಿತು.

ಅದೇ ವರ್ಷ ಲೆನ್‌ಸ್ಟ್ರಾ ಊರನ್ನು ಬಿಟ್ಟು ದೇಶದ ಪೂರ್ವಭಾಗದ ಸ್ಪೋರ್ಟ್‌ಕ್ಲಬ್ ಎನ್‌ಸ್ಖೆಡೆ ತಂಡವನ್ನು ಸೇರಿದರು. ಆಗ ಅವರಿಗೆ ಮೂವತ್ಮೂರು ವರ್ಷ. ಆಟಗಾರನೊಬ್ಬನ ಸಂಪಾದನೆಯ ಕಾಲ ಬಹುಪಾಲು ಮುಗಿದಿತ್ತು. 1958ರಲ್ಲಿ ಈ ತಂಡ ರಾಷ್ಟ್ರೀಯ ಪ್ರಶಸ್ತಿಯ ನಿರ್ಣಾಯಕ ಪಂದ್ಯವನ್ನು ತಲುಪಿತಾದರೂ ಉಟ್ರೆಕ್ಟ್ ನಗರದ ಡಿ.ಓ.ಎಸ್. ಎದುರು ಹೆಚ್ಚುವರಿ ಸಮಯದಲ್ಲಿ 0–1ರಿಂದ ಸೋತಿತು. 1960ರಿಂದ 1963ರವರೆಗೆ ಅದೇ ನಗರದ ಎನ್‌ಸ್ಖೆಡೆಸೆ ಬಾಯ್ಸ್ ತಂಡದಲ್ಲಿ ಆಡಿ ಅವರು ನಿವೃತ್ತರಾದರು. ಈ ಎರಡು ಕ್ಲಬ್‌ಗಳೂ 1965ರಲ್ಲಿ ಒಂದಾಗಿ ಎಫ್.ಸಿ. ಟ್ವೆಂಟೆ ಎನಿಸಿದವು.

ಕೊನೆಯ ದಿನಗಳು

1977ರಲ್ಲಿ ಲೆನ್‌ಸ್ಟ್ರಾ ಪಾರ್ಶ್ವವಾಯುವಿಗೆ ತುತ್ತಾದರು. ಕಾಲಿನ ಚಳಕದಿಂದಲೇ ಹೆಸರಾದವರು ಉಳಿದ ದಿನಗಳನ್ನು ಗಾಲಿಕುರ್ಚಿಯಲ್ಲಿ ಕಳೆಯಬೇಕಾಯಿತು. 1985ರ ಸೆಪ್ಟೆಂಬರ್ 2ರಂದು, 64ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಆಬೆ ಲೆನ್‌ಸ್ಟ್ರಾ ಕ್ರೀಡಾಂಗಣ

ಮರುವರ್ಷ, 1986ರಲ್ಲಿ, ಹೇರೆನ್‌ವೇನ್‌ನ ಹಳೆಯ ಅಂಗಳಕ್ಕೆ ಅವರ ಹೆಸರನ್ನು ಇಡಲಾಯಿತು. 1994ರಲ್ಲಿ ಹೊಸ ಕ್ರೀಡಾಂಗಣವು ಅದೇ ಹೆಸರಿನೊಂದಿಗೆ ಆರಂಭವಾಯಿತು. ನಂತರ ವಿಸ್ತರಣೆಗೊಂಡ ಇದರಲ್ಲಿ ಈಗ ಸುಮಾರು 27,000 ಜನ ಕುಳಿತು ಆಟ ನೋಡಬಹುದು. ಇದು ಹೆಚ್ಚುಕಡಿಮೆ ಇಡೀ ಪಟ್ಟಣದ ಜನಸಂಖ್ಯೆಯಷ್ಟೇ. ಕೋಟಿಗೂ ಮೀರಿ ಜನರಿರುವ ಬೆಂಗಳೂರಿನಲ್ಲಿ ಬೆಂಗಳೂರು ಎಫ್.ಸಿ. ತಂಡದ ತವರಾದ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಸುಮಾರು 25,000 ಆಸನಗಳಿವೆ ಎಂಬುದನ್ನು ನೆನೆದರೆ ಈ ಪಟ್ಟಣದ ಫುಟ್‌ಬಾಲ್ ಪ್ರೀತಿ ಮನವರಿಕೆಯಾಗುತ್ತದೆ. ಇಲ್ಲಿನ ಪಂದ್ಯಗಳಿಗೆ ಮೊದಲು ಫ್ರೀಸ್‌ಲ್ಯಾಂಡಿನ ನಾಡಗೀತೆಯನ್ನು ಹಾಡುತ್ತಾರೆ. ತಂಡದ ಅಂಗಿಯ ಮೇಲೆ ಪ್ರಾಂತ್ಯದ ಧ್ವಜದಲ್ಲಿರುವ ಕೆಂಪು ನೈದಿಲೆಯ ಎಲೆಗಳಿವೆ.

2000ದಲ್ಲಿ ಹೇರೆನ್‌ವೇನ್ ರಾಷ್ಟ್ರೀಯ ಲೀಗ್‌ನಲ್ಲಿ ಎರಡನೆಯ ಸ್ಥಾನ ಗಳಿಸಿ ಯುರೋಪಿನ ಚಾಂಪಿಯನ್ಸ್ ಲೀಗ್‌ಗೆ ಪ್ರವೇಶ ಪಡೆಯಿತು. 2009ರಲ್ಲಿ ಮೊದಲ ಬಾರಿಗೆ ಡಚ್ ಕಪ್ ಗೆದ್ದಿತು. ಆ ಫೈನಲ್‌ನಲ್ಲಿ ಅದಕ್ಕೆ ಎದುರಾಳಿಯಾಗಿದ್ದುದು, ಲೆನ್‌ಸ್ಟ್ರಾ ತಮ್ಮ ವೃತ್ತಿಜೀವನದ ಕೊನೆಯ ವರ್ಷಗಳಲ್ಲಿ ಆಡಿದ್ದ ಎರಡು ಕ್ಲಬ್‌ಗಳಿಂದ ಮೂಡಿಬಂದ ಎಫ್.ಸಿ. ಟ್ವೆಂಟೆ.