ಅಳಿಸದೆ ಉಳಿದ ಅಂಕಿ

ಬಿ.ಎಸ್ಸಿ. ಓದುವಾಗ ನನಗೊಂದು ಕೆಟ್ಟ ಅಭ್ಯಾಸವಿತ್ತು. ಲ್ಯಾಬಿನಲ್ಲಿ ಬಂದ ರೀಡಿಂಗ್ ಪುಸ್ತಕದ ಉತ್ತರಕ್ಕೆ ಹೊಂದದಿದ್ದರೆ ರಬ್ಬರ್ ತೆಗೆದು ತಿದ್ದಿಬಿಡುತ್ತಿದ್ದೆ. ಅದನ್ನು ಬಿಡಿಸಿದ್ದು ಸಿಸಿಲಿಯಾ ಪೇನ್ ಅವರ ಬದುಕು.

ಅವರು ಹುಟ್ಟಿದ್ದು 1900ರಲ್ಲಿ, ಇಂಗ್ಲೆಂಡಿನ ವೆಂಡೋವರ್‌ನಲ್ಲಿ. ನಾಲ್ಕನೇ ವಯಸ್ಸಿಗೆ ತಂದೆ ತೀರಿಕೊಂಡರು. ತಾಯಿಯೇ ಮೂವರು ಮಕ್ಕಳನ್ನು ಬೆಳೆಸಿದರು. ವಿದ್ಯಾರ್ಥಿವೇತನ ಪಡೆದು ಕೇಂಬ್ರಿಡ್ಜ್ ಸೇರಿದ ಸಿಸಿಲಿಯಾ, ಎಡ್ಡಿಂಗ್ಟನ್ ಅವರ ಉಪನ್ಯಾಸ ಕೇಳಿ ನಕ್ಷತ್ರಗಳಿಗೆ ಮನಸೋತರು. ಓದು ಮುಗಿಸಿದರೂ ಪದವಿ ಸಿಗಲಿಲ್ಲ. ಅಲ್ಲಿ ಹೆಣ್ಣುಮಕ್ಕಳಿಗೆ ಪದವಿ ಕೊಡತೊಡಗಿದ್ದೇ 1948ರಲ್ಲಿ. ಹಾಗಾಗಿ 1923ರಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಹೊರಟರು.

ಅಲ್ಲಿ ನಕ್ಷತ್ರಗಳ ರೋಹಿತ ಹಿಡಿದಿಟ್ಟ ಗಾಜಿನ ಫಲಕಗಳ ರಾಶಿಯೇ ಇತ್ತು. ರೋಹಿತದಲ್ಲಿ ಒಂದು ಧಾತುವಿನ ಗೆರೆ ದಟ್ಟವಾಗಿದ್ದ ಮಾತ್ರಕ್ಕೆ ಆ ಧಾತು ಹೆಚ್ಚಿದೆ ಎಂದಲ್ಲ. ತಾಪ, ಒತ್ತಡಗಳೂ ಗೆರೆಯನ್ನು ಬದಲಿಸುತ್ತವೆ. ಇದಕ್ಕೆ ಬೇಕಾದ ಸಮೀಕರಣವನ್ನು ನಮ್ಮ ಮೇಘನಾದ ಸಹಾ 1920ರಲ್ಲಿ ಕೊಟ್ಟಿದ್ದರು. ಅದನ್ನು ಬಳಸಿ ಸಿಸಿಲಿಯಾ 18 ಧಾತುಗಳ ಪ್ರಮಾಣ ಲೆಕ್ಕಹಾಕಿದರು. ಸಿಲಿಕಾನ್, ಕಬ್ಬಿಣದಂಥ ಭಾರ ಧಾತುಗಳ ಪರಸ್ಪರ ಪ್ರಮಾಣ ಹೆಚ್ಚುಕಡಿಮೆ ಭೂಮಿಯಲ್ಲಿದ್ದಂತೆಯೇ ಬಂತು. ಹೈಡ್ರೋಜನ್ ಮಾತ್ರ ಲೋಹಗಳ ಸುಮಾರು ಹತ್ತು ಲಕ್ಷ ಪಟ್ಟು!

ಆ ಕಾಲದ ದೊಡ್ಡ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಇದನ್ನು ಒಪ್ಪಲಿಲ್ಲ. 25ರ ವಿದ್ಯಾರ್ಥಿನಿ ಮಣಿಯಲೇಬೇಕಾಯಿತು. 1925ರ ಪ್ರಬಂಧದಲ್ಲಿ, ಈ ಫಲಿತಾಂಶ ಬಹುಶಃ ನಿಜವಲ್ಲವೆಂದು ಸ್ವತಃ ಬರೆದರು. ಆದರೆ ಕೋಷ್ಟಕದ ಅಂಕಿಯನ್ನು ಅಳಿಸಲಿಲ್ಲ. 1929ರಲ್ಲಿ ರಸೆಲ್ ಬೇರೆ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದರು. ಹೆಸರು ಬಹುಕಾಲ ಅವರಿಗೇ ಸಂದಿತು.

ಸಿಸಿಲಿಯಾ ಕೆಲಸ ನಿಲ್ಲಿಸಲಿಲ್ಲ. ರೀಗೆಲ್‌ನಂಥ ಮಹಾದೈತ್ಯ ನಕ್ಷತ್ರಗಳ ವಾತಾವರಣ ತೀರಾ ತೆಳು. ಅದರಿಂದಲೇ ಅವುಗಳ ರೋಹಿತದ ಗೆರೆಗಳು ಚೂಪು. ಇಂಥ ಅತಿ ಪ್ರಕಾಶಮಾನ ನಕ್ಷತ್ರಗಳ ಕುರಿತ ಅವರ ಪುಸ್ತಕ 1930ರಲ್ಲಿ ಬಂತು. ಪಾಠ ಮಾಡುತ್ತಿದ್ದರೂ ಅವರ ತರಗತಿಗಳು ವರ್ಷಗಟ್ಟಲೆ ಹಾರ್ವರ್ಡ್‌ನ ಪಠ್ಯಪಟ್ಟಿಯಲ್ಲೇ ಇರಲಿಲ್ಲ; ಸಂಬಳವೂ ಅತ್ಯಲ್ಪ. ಪೂರ್ಣ ಪ್ರಾಧ್ಯಾಪಕಿಯಾಗಿದ್ದು 1956ರಲ್ಲಿ. 1976ರಲ್ಲಿ ರಸೆಲ್ ಹೆಸರಿನ ಪುರಸ್ಕಾರವೇ ಅವರನ್ನು ಹುಡುಕಿಕೊಂಡು ಬಂತು. 1979ರಲ್ಲಿ ನಿಧನರಾದರು.

ಅವರು ಆ ವಾಕ್ಯ ಬರೆಯಬಾರದಿತ್ತು ಎನ್ನುವಷ್ಟು ದೊಡ್ಡವನು ನಾನಲ್ಲ. ಕೆಲಸ ಹುಡುಕುತ್ತಿರುವ ನನಗೆ ಹಿರಿಯರೆದುರು ಮಾತು ತಗ್ಗುವುದು ಗೊತ್ತು. ಆದರೆ ಮಾತು ತಗ್ಗಿದರೂ ಅಳತೆಯನ್ನು ಕೈಬಿಡದೆ ಇರಬಹುದು. ಈಗ ನನ್ನ ನೋಟ್‌ಬುಕ್ಕಿನಲ್ಲಿ ಹೊಂದದ ರೀಡಿಂಗೂ ಹಾಗೇ ಇರುತ್ತದೆ, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ.