ಗುಣಮಟ್ಟವನ್ನೇ ಬಂಡವಾಳ ಮಾಡಿಕೊಂಡ ಆಚಾರ್ಯ ಪ್ರಫುಲ್ಲಚಂದ್ರ ರಾಯ್

ಕೋಲ್ಕತಾ: ಸಿಯಾಲ್ದಾ ರೈಲು ನಿಲ್ದಾಣದಿಂದ ಹೊರಬಂದು ಉತ್ತರಕ್ಕೆ ತಿರುಗಿದರೆ ಸಿಗುವ ದೊಡ್ಡ ರಸ್ತೆಗೆ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರ ಹೆಸರಿದೆ. ಹಿಂದೆ ಇದು ಅಪ್ಪರ್ ಸರ್ಕ್ಯುಲರ್ ರಸ್ತೆಯಾಗಿತ್ತು. ಐಎಸ್‌ಒ, ಜಿಎಂಪಿ ಮುಂತಾದ ಗುಣಮಟ್ಟದ ಮಾತುಗಳು ಇಂದು ಸಣ್ಣ ಕೈಗಾರಿಕೆಯ ಬಾಗಿಲಿಗೂ ಬಂದಿವೆ. ಈ ಹೆಸರುಗಳು ಹುಟ್ಟುವುದಕ್ಕೂ ಎಷ್ಟೋ ಮೊದಲು, ಇದೇ ರಸ್ತೆಯ 91ನೇ ನಂಬರಿನ ಮನೆಯಲ್ಲಿ ರಾಯ್ ಅವರು ಆ ಕೆಲಸವನ್ನು ಮಾಡಿ ತೋರಿಸಿದ್ದರು. ವ್ಯಾಪಾರ, ಉದ್ದಿಮೆಗಳಲ್ಲಿ ತೊಡಗಿರುವ ನಮ್ಮ ಕನ್ನಡ ಬಂಧುಗಳು ಅವರ ಬದುಕನ್ನು ತಿಳಿಯಬೇಕಾದ ಅಗತ್ಯವಿದೆ.

ಪ್ರಫುಲ್ಲಚಂದ್ರರು ಹುಟ್ಟಿದ್ದು 1861ರ ಆಗಸ್ಟ್ 2ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಖುಲ್ನಾ ಭಾಗದ ರಾಡುಲಿ ಗ್ರಾಮದಲ್ಲಿ. ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಪಡೆದು ಎಡಿನ್‌ಬರೋಗೆ ತೆರಳಿ, 1887ರಲ್ಲಿ ಡಿಎಸ್‌ಸಿ ಪದವಿ ಗಳಿಸಿದರು. 1889ರಲ್ಲಿ ಕೋಲ್ಕತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಿಂಗಳಿಗೆ 250 ರೂ. ಸಂಬಳದ ಅಧ್ಯಾಪಕರಾದರು.

ಅವರು ಮೊದಲು ಕೈಗೆತ್ತಿಕೊಂಡ ಸಂಶೋಧನೆಗಳಲ್ಲಿ ಒಂದು ತುಪ್ಪ ಮತ್ತು ಸಾಸಿವೆ ಎಣ್ಣೆಯ ಕಲಬೆರಕೆ. ಬೆರಕೆ ಎಷ್ಟಿದೆ ಎಂದು ಹೇಳಬೇಕಾದರೆ ಶುದ್ಧವಾದುದು ಹೇಗಿರುತ್ತದೆ ಎಂಬ ಅಳತೆಗೋಲು ಮೊದಲು ಬೇಕಲ್ಲವೇ? ಅದಕ್ಕಾಗಿ ಅವರು ಅಂಗಡಿಯ ಮಾತನ್ನು ನಂಬದೆ, ತಮ್ಮ ಕಣ್ಣೆದುರೇ ಶುದ್ಧ ಮಾದರಿಗಳನ್ನು ತಯಾರಿಸಿಕೊಂಡರು. ಈ ಪರೀಕ್ಷೆಗಳ ಫಲ 1894ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಓದಿದ ಬಂಗಾಳಿ ಯುವಕರು ಗುಮಾಸ್ತಿಕೆಯ ಹಿಂದೆ ಬಿದ್ದಿರುವುದನ್ನು ಕಂಡು ಮರುಗಿದ ರಾಯ್ ಅವರು 1892ರಲ್ಲಿ ಸುಮಾರು 700 ರೂ. ಬಂಡವಾಳದಿಂದ ಬೆಂಗಾಲ್ ಕೆಮಿಕಲ್ ವರ್ಕ್ಸ್ ಆರಂಭಿಸಿದರು. ಮೊದಲ ದಿನಗಳ ಪಾಡು ಕೇಳಿದರೆ ನಗುವೂ ಬರುತ್ತದೆ, ಗೌರವವೂ ಮೂಡುತ್ತದೆ. ಸೋಡಿಯಂ ಫಾಸ್ಫೇಟ್ ತಯಾರಿಸಲು ಸಿಯಾಲ್ದಾ ಸಮೀಪದ ರಾಜಾಬಜಾರಿನ ಕಸಾಯಿಗಳಿಂದ ಮೂಳೆ ತರಿಸಿ ಮನೆಯ ತಾರಸಿಯಲ್ಲಿ ಒಣಹಾಕಿದರು. ಅಕಾಲ ಮಳೆಗೆ ಮೂಳೆ ಕೊಳೆತು ನಾರಿ, ನೆರೆಹೊರೆಯವರು ಜಗಳಕ್ಕೆ ಬಂದರು. ಅದನ್ನು ಮಾಣಿಕ್‌ತಲಾದ ಬಯಲಿಗೆ ಸಾಗಿಸಿ ಸುಟ್ಟರೆ, ಹೆಣ ಸುಡುತ್ತಿದ್ದಾರೆಂದು ಪೊಲೀಸರಿಗೆ ಗುಮಾನಿ!

ಸರಕು ತಯಾರಾದರೂ ಕೊಳ್ಳುವವರಿರಲಿಲ್ಲ. ವಿಲಾಯಿತಿ ಹೆಸರಿನ ಔಷಧವೇ ಬೇಕೆಂದು ಅಂಗಡಿಯವರು ತಲೆಯಾಡಿಸಿದರು. ಸ್ವದೇಶಿ ಎಂಬ ಒಂದೇ ಕಾರಣಕ್ಕೆ ರೋಗಿಗೆ ಕೆಟ್ಟ ಔಷಧ ಕೊಡಲಾಗದು. ಇದನ್ನು ಬಲ್ಲ ರಾಯ್ ಅವರು ಬ್ರಿಟಿಷ್ ಫಾರ್ಮಕೋಪಿಯ ವಿಧಿಸಿದ ಮಟ್ಟಕ್ಕೇ ತಮ್ಮ ಟಿಂಕ್ಚರ್, ಸಿರಪ್‌ಗಳನ್ನು ತಯಾರಿಸಿದರು. ಗೆಳೆಯ ಡಾ. ಅಮೂಲ್ಯಚರಣ ಬೋಸ್ ಅವರು ಇವನ್ನು ವೈದ್ಯರ ಬಳಿಗೆ ಒಯ್ದರು. ಬರೆದುಕೊಡಲು ಮುಂದಾದವರಲ್ಲಿ ಡಾ. ನೀಲರತನ ಸರ್ಕಾರ್ ಒಬ್ಬರು. ಸಿಯಾಲ್ದಾದ ಎನ್‌ಆರ್‌ಎಸ್ ಆಸ್ಪತ್ರೆಗೆ ಇಂದು ಅವರದೇ ಹೆಸರು. ವೈದ್ಯರ ವಿಶ್ವಾಸ ಗಳಿಸಿದ ಮೇಲೆ ಅಂಗಡಿಯವರೂ ಬಂದರು.

ಆದರೆ ದಾರಿ ಸುಗಮವಾಗಿರಲಿಲ್ಲ. 1898ರಲ್ಲಿ ಅಮೂಲ್ಯಚರಣರು ಪ್ಲೇಗಿಗೆ ಬಲಿಯಾದರು. ಸಹೋದ್ಯೋಗಿ ಸತೀಶಚಂದ್ರ ಸಿಂಹ ಪ್ರಯೋಗಾಲಯದಲ್ಲೇ ವಿಷಾಮ್ಲಕ್ಕೆ ತುತ್ತಾದರು. ಎದೆಗುಂದದ ರಾಯ್ ಅವರು 1901ರಲ್ಲಿ ಸಂಸ್ಥೆಯನ್ನು ಲಿಮಿಟೆಡ್ ಕಂಪೆನಿಯಾಗಿಸಿದರು. 1905ರಲ್ಲಿ ಮಾಣಿಕ್‌ತಲಾದಲ್ಲಿ, 1920ರಲ್ಲಿ ಪಾಣಿಹಾಟಿಯಲ್ಲಿ ಕಾರ್ಖಾನೆಗಳು ತಲೆಯೆತ್ತಿದವು. ಮೊದಲ ಮಹಾಯುದ್ಧದಲ್ಲಿ ವಿದೇಶಿ ಸರಕು ಬರುವುದು ಕಷ್ಟವಾದಾಗ ಸರಕಾರವೂ ಈ ಕಂಪೆನಿಯತ್ತ ನೋಡಬೇಕಾಯಿತು. ಅದೇ ಯುದ್ಧಕಾಲದಲ್ಲಿ, 1916ರಲ್ಲಿ, ನಮ್ಮ ಮೈಸೂರು ಸಂಸ್ಥಾನವೂ ಗಂಧದೆಣ್ಣೆ ಕಾರ್ಖಾನೆ ತೆರೆಯಿತು. ಅಲ್ಲಿಯೂ ಹೆಸರು ತಂದದ್ದು ಎಣ್ಣೆಯ ಶುದ್ಧತೆಯೇ.

ದೇಶದಲ್ಲಿ ಔಷಧದ ಗುಣಮಟ್ಟಕ್ಕೆ ಬಿಗಿಯಾದ ಕಾನೂನು ಬಂದುದು 1940ರ ಔಷಧ ಕಾಯ್ದೆಯಿಂದ. ಅಂದರೆ ಕಾನೂನು ಕೇಳುವ ಸುಮಾರು ಅರ್ಧ ಶತಮಾನದ ಮೊದಲೇ ರಾಯ್ ಅವರು ತಮಗೆ ತಾವೇ ಮಟ್ಟ ಹಾಕಿಕೊಂಡಿದ್ದರು.

ಮದುವೆಯಾಗದೆ ಉಳಿದ ಅವರು 1916ರಿಂದ ರಾಜಾಬಜಾರಿನ ವಿಜ್ಞಾನ ಕಾಲೇಜಿನಲ್ಲಿ ದುಡಿದರು. 1921ರಲ್ಲಿ ಅರವತ್ತು ತುಂಬಿದಾಗ ಮುಂದಿನ ಸಂಬಳವನ್ನೆಲ್ಲ ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. 1922ರ ಉತ್ತರ ಬಂಗಾಳದ ನೆರೆಯಲ್ಲಿ ಪರಿಹಾರ ಕಾರ್ಯದ ಮುಂದಾಳಾದರು. 1944ರ ಜೂನ್ 16ರಂದು ಕಾಲೇಜಿನ ತಮ್ಮ ಕೋಣೆಯಲ್ಲೇ ಕೊನೆಯುಸಿರೆಳೆದರು.

ಅವರ ನಂತರ ಕಂಪೆನಿ ಇಳಿಮುಖವಾಯಿತು ಎಂಬುದನ್ನೂ ಹೇಳಲೇಬೇಕು. ನಷ್ಟದಲ್ಲಿ ಮುಳುಗಿದ ಸಂಸ್ಥೆಯನ್ನು 1980ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಕರಣ ಮಾಡಿತು. ಆರು ದಶಕಗಳ ಬಳಿಕ ಅದು ಮತ್ತೆ ಲಾಭ ಕಂಡದ್ದು 2016-17ರಲ್ಲಿ. ಒಮ್ಮೆ ಗಳಿಸಿದ ಒಳ್ಳೆಯ ಹೆಸರು ತಾನಾಗಿಯೇ ಕಂಪೆನಿಯನ್ನು ಸಾಕುವುದಿಲ್ಲ. ಯಂತ್ರ, ಬಂಡವಾಳ, ಆಡಳಿತ ಎಲ್ಲವೂ ಕಾಲಕ್ಕೆ ತಕ್ಕಂತೆ ನಡೆಯಬೇಕು. ಹೋಟೆಲು ನಡೆಸುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿನ್ನೆಯ ಸಾಂಬಾರಿನ ರುಚಿ ಇಂದೂ ಇದ್ದರಷ್ಟೇ ಗಿರಾಕಿ ನಾಳೆ ಬರುತ್ತಾನೆ. ಮುಂದಿನ ಬಾರಿ ಸಿಯಾಲ್ದಾದಲ್ಲಿ ಇಳಿದಾಗ ಆ ರಸ್ತೆಯ ನಾಮಫಲಕವನ್ನು ಒಮ್ಮೆ ನೋಡಿ, ಮಕ್ಕಳಿಗೂ ತೋರಿಸಿ ಈ ಕಥೆ ಹೇಳೋಣ.