ಟೈರಿಗೆ ಗಾಳಿ ತುಂಬಿದ ಪಶುವೈದ್ಯ

ಕಾಗಿಣಾ ದಡದ ಮಳಖೇಡದಿಂದ ಸೇಡಂ ಕಡೆಗೆ ಬೇಸಿಗೆಯಲ್ಲಿ ಬೈಕ್ ಏರುವವರು ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮುನ್ನವೇ ನೋಡಿಸುವುದು ಕ್ಷೇಮ. ಕಾದ ಟೈರಿನಲ್ಲಿ ಒತ್ತಡ ಏರಿರುತ್ತದೆ. ಆಗ ಗಾಳಿ ಬಿಟ್ಟರೆ ತಣಿದ ಮೇಲೆ ಕಡಿಮೆ ಬೀಳುತ್ತದೆ. ಹಿಂದೆ ಒಬ್ಬರು ಕುಳಿತರೆ ಹಿಂಬದಿ ಟೈರಿಗೆ ಹೆಚ್ಚು ಗಾಳಿ ಬೇಕು. ಇಂಥ ಗಾಳಿ ಟೈರನ್ನು ಜನಬಳಕೆಗೆ ತಂದವರು ಜಾನ್ ಬಾಯ್ಡ್ ಡನ್‌ಲಪ್.

1840ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಅವರು ಬೆಲ್‌ಫಾಸ್ಟ್‌ನಲ್ಲಿ ನೆಲೆಸಿದ್ದ ಪಶುವೈದ್ಯರು. ಕಲ್ಲುಹಾಸಿನ ಬೀದಿಯಲ್ಲಿ ಮಗನ ಮೂರು ಚಕ್ರದ ಸೈಕಲ್ ಕುಲುಕಾಡುತ್ತಿತ್ತು. 1887ರಲ್ಲಿ ಅವರು ರಬ್ಬರ್ ಕೊಳವೆಗೆ ಕಾಲ್ಚೆಂಡಿನ ಪಂಪಿನಿಂದ ಗಾಳಿ ತುಂಬಿ, ಬಟ್ಟೆ ಸುತ್ತಿ ಚಕ್ರಕ್ಕೆ ಕಟ್ಟಿದರು. ಅಂಗಳದಲ್ಲಿ ಉರುಳಿಸಿದಾಗ ಅದು ಗಟ್ಟಿ ರಬ್ಬರಿನ ಚಕ್ರಕ್ಕಿಂತ ದೂರ ಸಾಗಿತು. 1888ರಲ್ಲಿ ಪೇಟೆಂಟ್ ದೊರೆಯಿತು. ಮರುವರ್ಷ ವಿಲಿಯಂ ಹ್ಯೂಮ್ ಎಂಬ ಸವಾರ ಈ ಟೈರಿನ ಮೇಲೆ ಬೆಲ್‌ಫಾಸ್ಟ್ ಪಂದ್ಯಗಳನ್ನು ಗೆದ್ದಾಗ ಬೇಡಿಕೆ ಹೆಚ್ಚಿತು.

ಆದರೆ ಕುದುರೆಗಾಡಿಯ ಚಕ್ರಕ್ಕಾಗಿ ಇದೇ ತತ್ವಕ್ಕೆ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ಬೆಳಕಿಗೆ ಬಂದು ಡನ್‌ಲಪ್ ಅವರ ಹಕ್ಕು ಬಿದ್ದುಹೋಯಿತು. ಅನ್ಯಾಯವೆನ್ನಲಾಗದು, ಮೊದಲು ಕಂಡವರು ಥಾಮ್ಸನ್ನರೇ. ಟೈರ್ ಕಂಪನಿ ಬೆಳೆಯುತ್ತಿದ್ದಾಗಲೇ, 1895ರಲ್ಲಿ, ಡನ್‌ಲಪ್ ಅದನ್ನು ತೊರೆದರು. 1921ರಲ್ಲಿ ಡಬ್ಲಿನ್‌ನಲ್ಲಿ ನಿಧನರಾದರು.